ಮೊಸರಿನ ಐಸ್ ಕ್ರೀಂ: ಮನೆಯ ಯಂತ್ರ, ಮಾರುಕಟ್ಟೆಯ ಲೆಕ್ಕ

ಬೇಸಿಗೆ ಕಾಲಿಟ್ಟಿತೆಂದರೆ ಬೆಂಗಳೂರಿನ ಉತ್ತರ ಭಾಗದ ಸಂಜಯನಗರ, ಭೂಪಸಂದ್ರ, ನಾಗಶೆಟ್ಟಿಹಳ್ಳಿ, ಗೆದ್ದಲಹಳ್ಳಿಗಳ ಅಂಗಡಿ ಸಾಲುಗಳಲ್ಲಿ ಐಸ್ ಕ್ರೀಂ ಪೆಟ್ಟಿಗೆಗಳು ಬಾಗಿಲ ಬಳಿಗೆ ಬರುತ್ತವೆ. ಕಾಂಡಿಮೆಂಟ್ಸ್ ಅಂಗಡಿಯಿಂದ ಹಿಡಿದು ಔಷಧದ ಅಂಗಡಿಯವರೆಗೆ ತಂಪಿನ ವ್ಯಾಪಾರ ಹಬ್ಬುತ್ತದೆ. ಇದರ ಜೊತೆಗೆ ಮನೆಗಳ ಒಳಗೂ ಒಂದು ಬದಲಾವಣೆ ನಡೆದಿದೆ. ಮಿಕ್ಸಿ, ಗ್ರೈಂಡರ್‌ಗಳ ಪಕ್ಕದಲ್ಲಿ ಐಸ್ ಕ್ರೀಂ ಯಂತ್ರವೂ ಅಡುಗೆಮನೆಯ ಕಟ್ಟೆಯ ಮೇಲೆ ಸ್ಥಾನ ಪಡೆಯುತ್ತಿದೆ. ಅದರಲ್ಲಿ ಕೆನೆಯ ಬದಲು ಮೊಸರು, ಕೃತಕ ಬಣ್ಣದ ಬದಲು ಹಣ್ಣು ಬಳಸಿ ತಯಾರಿಸುವ 'ಫ್ರೋಜನ್ ಯೋಗರ್ಟ್' ಎಂಬ ಮೊಸರಿನ ಐಸ್ ಕ್ರೀಂ ಆರೋಗ್ಯಕ್ಕೆ ಹಿತವೆಂಬ ನಂಬಿಕೆ ಬೆಳೆದಿದೆ.

ಮನೆಮಂದಿಗಾಗಿ ಮಾಡಿದ ತಿನಿಸು ನೆರೆಮನೆಯವರಿಗೆ ರುಚಿಸುತ್ತದೆ. ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಬೇಡಿಕೆ ಬರುತ್ತದೆ. ಹುಟ್ಟುಹಬ್ಬಕ್ಕೆ 20 ಕಪ್ಪು, ಗೃಹಪ್ರವೇಶಕ್ಕೆ 50 ಕಪ್ಪು ಎನ್ನುತ್ತ ಹವ್ಯಾಸವು ವ್ಯಾಪಾರದ ಹೊಸ್ತಿಲು ದಾಟುತ್ತದೆ. ಆ ಹೊಸ್ತಿಲಿನಾಚೆ ಏನಿದೆ, ಒಂದು ಕಪ್ಪಿನ ನಿಜವಾದ ವೆಚ್ಚವೆಷ್ಟು, 'ಆರೋಗ್ಯಕರ' ಎಂಬ ಮಾತನ್ನು ಡಬ್ಬಿಯ ಮೇಲೆ ಅಚ್ಚು ಹಾಕಬಹುದೇ, ಸರಕು ಮತ್ತು ಸೇವಾ ತೆರಿಗೆಯ ದೃಷ್ಟಿಯಲ್ಲಿ ಈ ಸಣ್ಣ ತಯಾರಕರ ಸ್ಥಾನವೇನು ಎಂಬ ಪ್ರಶ್ನೆಗಳನ್ನು ಬಂಡವಾಳ ಹೂಡುವ ಮೊದಲೇ ಪರಿಶೀಲಿಸುವುದು ವಿವೇಕದ ಕ್ರಮವಾಗಿದೆ.

ಹಾಲಿನ ಊರಿನ ಹಿನ್ನೆಲೆ

ಈ ಉದ್ಯಮಕ್ಕೆ ಉತ್ತರ ಬೆಂಗಳೂರಿಗಿಂತ ಅನುಕೂಲವಾದ ಸ್ಥಳ ದೊರೆಯುವುದು ವಿರಳ. ಸಂಜಯನಗರಕ್ಕೆ ಸಮೀಪದ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜೂ ಡೈರಿ ವಿಜ್ಞಾನ ಕಾಲೇಜೂ ಇವೆ. ಯಲಹಂಕದಲ್ಲಿ ಕರ್ನಾಟಕ ಹಾಲು ಮಹಾಮಂಡಳದ ಮದರ್ ಡೈರಿ ಇದೆ. ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದೆ. ದೇವನಹಳ್ಳಿಯ ಚಕ್ಕೋತ, ದೊಡ್ಡಬಳ್ಳಾಪುರದ ಕಡೆಯ ಹಲಸು, ಚಿಕ್ಕಬಳ್ಳಾಪುರ ಸೀಮೆಯ ಬೆಂಗಳೂರು ನೀಲಿ ದ್ರಾಕ್ಷಿ ಇವೆಲ್ಲ ಒಂದೆರಡು ಗಂಟೆಯ ಹಾದಿಯಲ್ಲಿವೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಮಾವೂ ದೂರವೇನಲ್ಲ.

ಬೆಂಗಳೂರಿಗೂ ಹೈನು ವಿದ್ಯೆಗೂ ಇರುವ ನಂಟು ನೂರು ವರ್ಷಗಳನ್ನು ದಾಟಿದೆ. ಇಂದು ಕರ್ನಾಲಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯು 1923ರಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲಿಯೇ. 1927ರಲ್ಲಿ ಗಾಂಧೀಜಿಯವರು ವಿಶ್ರಾಂತಿಗಾಗಿ ಈ ಊರಿನಲ್ಲಿ ತಂಗಿದ್ದಾಗ ಆ ಸಂಸ್ಥೆಗೆ ಹೋಗಿ ಪಶುಪಾಲನೆಯ ವಿಚಾರಗಳನ್ನು ತಿಳಿದುಕೊಂಡಿದ್ದರು. 1955ರಲ್ಲಿ ಕೇಂದ್ರ ಕಚೇರಿ ಕರ್ನಾಲಿಗೆ ಸ್ಥಳಾಂತರಗೊಂಡರೂ ಆಡುಗೋಡಿಯಲ್ಲಿ ದಕ್ಷಿಣ ಪ್ರಾದೇಶಿಕ ಕೇಂದ್ರ ಉಳಿದುಕೊಂಡಿತು.

ಐಸ್ ಕ್ರೀಂ ಉದ್ಯಮದಲ್ಲಿ ಕನ್ನಡ ನಾಡಿನ ಸಣ್ಣ ವ್ಯಾಪಾರಿಗಳು ಗಳಿಸಿದ ಹೆಸರೂ ಸ್ಮರಣೀಯ. ಮಂಗಳೂರಿನಲ್ಲಿ ಎಸ್. ಪ್ರಭಾಕರ ಕಾಮತ್ ಅವರು 1975ರಲ್ಲಿ ಆರಂಭಿಸಿದ 'ಐಡಿಯಲ್' ಕರಾವಳಿಯ ಮನೆಮಾತಾಯಿತು. ಮುಲ್ಕಿಯ ಹಣ್ಣು ವ್ಯಾಪಾರಿಯೊಬ್ಬರ ಮಗ ರಘುನಂದನ ಕಾಮತ್ ಅವರು 1984ರಲ್ಲಿ ಮುಂಬಯಿಯ ಜುಹುವಿನಲ್ಲಿ ಆರಂಭಿಸಿದ 'ನ್ಯಾಚುರಲ್' ಮಳಿಗೆಯು ಹಾಲು, ಸಕ್ಕರೆ, ಹಣ್ಣುಗಳ ಬಲದಿಂದಲೇ ದೇಶವ್ಯಾಪಿಯಾಯಿತು. ಐಸ್ ಕ್ರೀಂ ತಯಾರಿಕೆಯು 1997ರವರೆಗೆ ಸಣ್ಣ ಕೈಗಾರಿಕೆಗಳಿಗೆ ಮೀಸಲಾಗಿತ್ತೆಂಬುದನ್ನು ಹಿರಿಯ ಉದ್ಯಮಿಗಳು ಬಲ್ಲರು. ಆ ರಕ್ಷಣೆ ಈಗಿಲ್ಲ. ಸಣ್ಣ ತಯಾರಕನು ಇಂದು ಗುಣಮಟ್ಟ ಮತ್ತು ಲೆಕ್ಕಾಚಾರ ಎಂಬ ಎರಡು ಊರುಗೋಲುಗಳ ಮೇಲೆಯೇ ನಿಲ್ಲಬೇಕಾಗಿದೆ.

ಹೊರನಾಡಿನ ಕಥೆಯೂ ಬೋಧಪ್ರದವೇ. ಕೈಯಿಂದ ತಿರುಗಿಸುವ ಐಸ್ ಕ್ರೀಂ ಯಂತ್ರಕ್ಕೆ ಅಮೆರಿಕದ ನ್ಯಾನ್ಸಿ ಜಾನ್ಸನ್ ಎಂಬ ಮಹಿಳೆ 1843ರಲ್ಲಿ ಹಕ್ಕುಸ್ವಾಮ್ಯ ಪಡೆದರು. ಹೊರಗೆ ಮಂಜುಗಡ್ಡೆ ಮತ್ತು ಉಪ್ಪು, ಒಳಗೆ ಲೋಹದ ಡಬ್ಬಿ, ಡಬ್ಬಿಯೊಳಗೆ ತಿರುಗುವ ಅಲಗು ಎಂಬ ಆ ವಿನ್ಯಾಸವೇ ಇಂದಿನ ವಿದ್ಯುತ್ ಯಂತ್ರದ ಮೂಲ. ಮೊಸರನ್ನು ಹೆಪ್ಪುಗಟ್ಟಿಸಿ ಮಾರುವ ಪ್ರಯತ್ನ ಅಮೆರಿಕದಲ್ಲಿ 1970ರ ದಶಕದಲ್ಲಿ ಕಾಣಿಸಿಕೊಂಡಿತು. 1981ರಲ್ಲಿ ಆರ್ಕನ್ಸಾ ರಾಜ್ಯದಲ್ಲಿ ಹುಟ್ಟಿದ 'ಟಿಸಿಬಿವೈ' ಮಳಿಗೆಗಳ ಸರಪಳಿ, 2005ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ 'ಪಿಂಕ್‌ಬೆರಿ' ಇದನ್ನು ಜನಪ್ರಿಯಗೊಳಿಸಿದವು. ನಮ್ಮವರಿಗಂತೂ ಸಿಹಿ ಮೊಸರಿನ ಕಲ್ಪನೆ ಹೊಸದಲ್ಲ. ಬೆಳಗಾವಿ, ಧಾರವಾಡಗಳ ಮನೆಗಳಲ್ಲಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಬಸಿದು, ಆ ಚಕ್ಕಾಗೆ ಸಕ್ಕರೆ, ಏಲಕ್ಕಿ ಬೆರೆಸಿ ಶ್ರೀಖಂಡ ಮಾಡುವುದು ತಲೆಮಾರುಗಳ ರೂಢಿ. ಮೊಸರಿನ ಐಸ್ ಕ್ರೀಂ ಎಂದರೆ ಹಣ್ಣು ಬೆರೆಸಿ, ಗಾಳಿ ತುಂಬಿ, ಹೆಪ್ಪುಗಟ್ಟಿಸಿದ ಶ್ರೀಖಂಡವೆಂದರೆ ತಪ್ಪಾಗಲಾರದು.

ಯಂತ್ರ ಮಾಡುವ ಕೆಲಸ

ಮನೆಬಳಕೆಯ ಯಂತ್ರಗಳಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಎರಡು ಗೋಡೆಗಳ ನಡುವೆ ದ್ರವ ತುಂಬಿದ ಡಬ್ಬಿಯನ್ನು ಫ್ರೀಜರಿನಲ್ಲಿ 18ರಿಂದ 24 ಗಂಟೆ ಇಟ್ಟು, ನಂತರ ಮೋಟರಿಗೆ ಜೋಡಿಸಿ ತಿರುಗಿಸಬೇಕು. ಬೆಲೆ ಕಡಿಮೆ, ಆದರೆ ಒಮ್ಮೆ ಬಳಸಿದ ಡಬ್ಬಿ ಮರುದಿನದವರೆಗೆ ಕೆಲಸಕ್ಕೆ ಬಾರದು. ಎರಡನೆಯದರಲ್ಲಿ ಸ್ವಂತ ಕಂಪ್ರೆಸರ್ ಇರುವುದರಿಂದ ಒಂದರ ಹಿಂದೆ ಒಂದು ಸರದಿ ತೆಗೆಯಬಹುದು. ಬೆಲೆ ಹಲವು ಪಟ್ಟು ಹೆಚ್ಚು.

ಎರಡೂ ಯಂತ್ರಗಳ ಕೆಲಸ ಒಂದೇ. ಮಿಶ್ರಣವನ್ನು ಸುಮ್ಮನೆ ಫ್ರೀಜರಿನಲ್ಲಿಟ್ಟರೆ ನೀರು ದೊಡ್ಡ ದೊಡ್ಡ ಹರಳುಗಳಾಗಿ ಗಟ್ಟಿಯಾಗಿ ನಾಲಿಗೆಗೆ ಮರಳಿನಂತೆ ತಾಕುತ್ತದೆ. ಯಂತ್ರದ ಅಲಗು ಡಬ್ಬಿಯ ಗೋಡೆಗೆ ಅಂಟುವ ಹರಳುಗಳನ್ನು ಕೆರೆದು ಸಣ್ಣದಾಗಿಯೇ ಉಳಿಸುತ್ತದೆ ಮತ್ತು ಮಿಶ್ರಣಕ್ಕೆ ಗಾಳಿ ಸೇರಿಸುತ್ತದೆ. ಸುಮಾರು ಮೈನಸ್ 5 ಡಿಗ್ರಿಯ ಹೊತ್ತಿಗೆ ಅದು ಮೆದುವಾದ ಐಸ್ ಕ್ರೀಂ ಆಗಿರುತ್ತದೆ. ಗಟ್ಟಿಯಾಗಬೇಕಾದರೆ ಮೈನಸ್ 18 ಡಿಗ್ರಿಯಲ್ಲಿ ಮತ್ತೆ ಕೆಲವು ಗಂಟೆ ಇಡಬೇಕು.

ತಯಾರಿಕೆಯ ಕ್ರಮವನ್ನು ಹೀಗೆ ಸಂಗ್ರಹಿಸಬಹುದು. 1 ಲೀಟರ್ ಹಾಲನ್ನು ಚೆನ್ನಾಗಿ ಕಾಯಿಸಿ, ಉಗುರುಬೆಚ್ಚಗಾದಾಗ ಹೊಸ ಹೆಪ್ಪು ಹಾಕಿ ಮೊಸರು ಮಾಡಬೇಕು. ಹುಳಿಯೇರುವ ಮೊದಲೇ ಅದನ್ನು ಕುದಿಸಿ ಒಣಗಿಸಿದ ತೆಳುಬಟ್ಟೆಯಲ್ಲಿ ಕಟ್ಟಿ, ಫ್ರಿಜ್ಜಿನೊಳಗೇ ಐದಾರು ಗಂಟೆ ಬಸಿಯಲು ಬಿಟ್ಟರೆ ಸುಮಾರು 500 ಗ್ರಾಂ ಗಟ್ಟಿ ಮೊಸರು ದೊರೆಯುತ್ತದೆ. ಅದಕ್ಕೆ 100 ಗ್ರಾಂ ಸಕ್ಕರೆ, ಕಾಯಿಸಿ ತಣಿಸಿದ 200 ಗ್ರಾಂ ಹಣ್ಣಿನ ತಿರುಳು, ಚಿಟಿಕೆ ಉಪ್ಪು ಸೇರಿಸಿ ನುಣ್ಣಗೆ ಕಡೆದು, ಮೂರು ನಾಲ್ಕು ಗಂಟೆ ಫ್ರಿಜ್ಜಿನಲ್ಲಿ ತಣಿಸಬೇಕು. ಯಂತ್ರವನ್ನು ಮೊದಲು ಚಾಲೂ ಮಾಡಿ, ಅನಂತರ ಮಿಶ್ರಣವನ್ನು ಡಬ್ಬಿಯ ಮೂರನೇ ಎರಡು ಭಾಗಕ್ಕೆ ಮೀರದಂತೆ ಸುರಿಯಬೇಕು. ಯಂತ್ರದ ಬಗೆಯನ್ನನುಸರಿಸಿ 20 ನಿಮಿಷದಿಂದ ಒಂದು ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಬಸಿದ ನೀರನ್ನು ಚೆಲ್ಲಬೇಕಾಗಿಲ್ಲ. ಚಪಾತಿ ಹಿಟ್ಟು ಕಲಸಲು, ಸಾರಿಗೆ ಸೇರಿಸಲು ಅದು ಉಪಯುಕ್ತ.

ಆರೋಗ್ಯದ ಮಾತು ಎಷ್ಟು ನಿಜ?

ಮೇಲಿನ ಅಳತೆಯಲ್ಲಿ ಒಟ್ಟು 800 ಗ್ರಾಂ ತಿನಿಸು ಸಿದ್ಧವಾಗುತ್ತದೆ. ಟೋನ್ಡ್ ಹಾಲಿನಲ್ಲಿ ಕನಿಷ್ಠ ಶೇ. 3 ಕೊಬ್ಬು ಇರಬೇಕೆಂಬುದು ನಿಯಮ. 1 ಲೀಟರ್ ಹಾಲಿನ ತೂಕ ಸುಮಾರು 1,030 ಗ್ರಾಂ. ಅದರಲ್ಲಿ ಕೊಬ್ಬು ಸುಮಾರು 31 ಗ್ರಾಂ. ಬಸಿದ ನೀರಿನ ಜೊತೆ ಕೊಬ್ಬು ಹೆಚ್ಚು ಹೋಗುವುದಿಲ್ಲವಾದ್ದರಿಂದ ಆ 31 ಗ್ರಾಂ ಬಹುಮಟ್ಟಿಗೆ 800 ಗ್ರಾಂನಲ್ಲಿ ಉಳಿಯುತ್ತದೆ. ಅಂದರೆ ಶೇ. 3.9. ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡದಂತೆ 'ಐಸ್ ಕ್ರೀಂ' ಎನಿಸಿಕೊಳ್ಳಲು ಹಾಲಿನ ಕೊಬ್ಬು ಕನಿಷ್ಠ ಶೇ. 10 ಇರಬೇಕು. ಕೊಬ್ಬಿನ ವಿಷಯದಲ್ಲಿ ಮೊಸರಿನ ತಿನಿಸು ಗೆದ್ದಿತೆಂಬುದರಲ್ಲಿ ಅನುಮಾನವಿಲ್ಲ.

ಸಕ್ಕರೆಯ ಕಲಮಿನಲ್ಲಿ ಮಾತ್ರ ಅಷ್ಟು ಲಾಭ ತೋರುವುದಿಲ್ಲ. 800 ಗ್ರಾಂಗೆ 100 ಗ್ರಾಂ ಎಂದರೆ ಶೇ. 12.5, 100 ಗ್ರಾಂನ ಒಂದು ಕಪ್ಪಿನಲ್ಲಿ ಮೇಲಿನಿಂದ ಹಾಕಿದ ಸಕ್ಕರೆಯೇ 12.5 ಗ್ರಾಂ. ಇಂಥ ಸಕ್ಕರೆ ದಿನದ ಒಟ್ಟು ಶಕ್ತಿಯ ಶೇ. 10ನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿ ಹೇಳುತ್ತದೆ. 2,000 ಕಿಲೋ ಕ್ಯಾಲೊರಿಯ ಆಹಾರಕ್ಕೆ ಅದು ಸುಮಾರು 50 ಗ್ರಾಂ. ಒಂದೇ ಕಪ್ಪು ಅದರ ಕಾಲು ಭಾಗವನ್ನು ತೆಗೆದುಕೊಂಡಿತು. ಮೊಸರಿನ ಹುಳಿಯನ್ನು ಮುಚ್ಚಲು ಇನ್ನಷ್ಟು ಸಕ್ಕರೆ ಸುರಿದರೆ ಕೊಬ್ಬಿನಲ್ಲಿ ಉಳಿಸಿದ್ದನ್ನು ಸಕ್ಕರೆಯಲ್ಲಿ ಕಳೆದಂತಾಗುತ್ತದೆ.

ಹಾಗಾದರೆ ಸಕ್ಕರೆಯನ್ನೇ ಬಿಟ್ಟರೆ ಆಗದೇ ಎಂಬ ಪ್ರಶ್ನೆ ಸಹಜ. ಸಕ್ಕರೆಗೆ ಸಿಹಿಯಲ್ಲದೆ ಇನ್ನೊಂದು ಕರ್ತವ್ಯವಿದೆ. ಅದು ನೀರಿನ ಹೆಪ್ಪುಗಟ್ಟುವ ಉಷ್ಣತೆಯನ್ನು ತಗ್ಗಿಸಿ, ತಿನಿಸು ಕಲ್ಲಾಗದಂತೆ ಕಾಯುತ್ತದೆ. ಸಕ್ಕರೆ ತೀರ ಕಡಿಮೆಯಾದರೆ ಮರುದಿನ ಚಮಚವೇ ಇಳಿಯುವುದಿಲ್ಲ. ಆದ್ದರಿಂದ ಕಡಿಮೆ ಸಕ್ಕರೆಯದನ್ನು ಮಾಡುವವರು ಯಂತ್ರದಿಂದ ತೆಗೆದ ಕೂಡಲೇ ಬಡಿಸುವುದು, ಮಾಗಿದ ಹಣ್ಣನ್ನು ಹೆಚ್ಚು ಬಳಸುವುದು, ಮೊಸರನ್ನು ಇನ್ನಷ್ಟು ಬಸಿದು ನೀರಿನಂಶ ತಗ್ಗಿಸುವುದು ಸೂಕ್ತ. ಬೆಲ್ಲವಾಗಲಿ ಜೇನಾಗಲಿ ಸೇರಿಸಿದರೆ ರುಚಿ ಬದಲಾದೀತೇ ಹೊರತು ಅದೂ ಸೇರಿಸಿದ ಸಕ್ಕರೆಯೇ.

ಮೊಸರಿನ ಸೂಕ್ಷ್ಮಜೀವಿಗಳ ವಿಚಾರವೂ ಹೀಗೆಯೇ. ಹೆಪ್ಪುಗಟ್ಟಿದಾಗ ಅವುಗಳಲ್ಲಿ ಹಲವು ಸುಪ್ತವಾಗಿ ಬದುಕುಳಿಯುತ್ತವೆ ಎಂಬುದು ನಿಜ. ಆದರೆ ಮನೆಯ ಹೆಪ್ಪಿನಲ್ಲಿ ಯಾವ ತಳಿ, ಎಷ್ಟು ಸಂಖ್ಯೆ ಎಂಬುದು ಪ್ರಯೋಗಾಲಯದಲ್ಲಿ ಎಣಿಸದೆ ತಿಳಿಯದು. ಆದುದರಿಂದ 'ಪ್ರೋಬಯೋಟಿಕ್' ಎಂಬ ಪದವನ್ನು ಪರೀಕ್ಷಾ ವರದಿಯಿಲ್ಲದೆ ಬಳಸತಕ್ಕದ್ದಲ್ಲ.

ಡಬ್ಬಿಯ ಮೇಲಿನ ಪದಗಳು

ಮನೆಯಲ್ಲಿ ಆಡುವ ಮಾತಿಗೆ ತೆರಿಗೆಯೂ ಇಲ್ಲ, ದಂಡವೂ ಇಲ್ಲ. ಡಬ್ಬಿಯ ಮೇಲೆ ಅಚ್ಚಾದ ಮಾತಿಗೆ ಎರಡೂ ಉಂಟು. 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮಾವಳಿಯಂತೆ ಘನ ಆಹಾರವೊಂದನ್ನು 'ಕಡಿಮೆ ಕೊಬ್ಬಿನದು' ಎನ್ನಲು 100 ಗ್ರಾಂನಲ್ಲಿ ಕೊಬ್ಬು 3 ಗ್ರಾಂ ಮೀರಬಾರದು. 'ಕಡಿಮೆ ಸಕ್ಕರೆಯದು' ಎನ್ನಲು ಸಕ್ಕರೆ 5 ಗ್ರಾಂ ಮೀರಬಾರದು. ಮೇಲೆ ಲೆಕ್ಕ ಹಾಕಿದ ತಿನಿಸಿನಲ್ಲಿ ಕೊಬ್ಬು 3.9 ಗ್ರಾಂ, ಸಕ್ಕರೆ 12.5 ಗ್ರಾಂ. ಮನೆಯಲ್ಲಿ ಎಲ್ಲರೂ ಆರೋಗ್ಯಕರವೆಂದು ಮೆಚ್ಚಿದ ಇದೇ ತಿನಿಸಿಗೆ ಈ ಎರಡು ಹೇಳಿಕೆಗಳಲ್ಲಿ ಒಂದೂ ದಕ್ಕುವುದಿಲ್ಲ! ಶೇ. 1.5 ಕೊಬ್ಬಿನ ಡಬಲ್ ಟೋನ್ಡ್ ಹಾಲು ಬಳಸಿದರೆ ಕೊಬ್ಬು ಸುಮಾರು 1.9 ಗ್ರಾಂಗೆ ಇಳಿದು ಮೊದಲ ಹೇಳಿಕೆ ಸಾಧ್ಯವಾಗುತ್ತದೆ. ಆದರೆ ನುಣುಪು ಕಡಿಮೆಯಾಗುತ್ತದೆ. ಇದು ರುಚಿಗೂ ಹೇಳಿಕೆಗೂ ನಡುವಣ ಆಯ್ಕೆ.

'ಐಸ್ ಕ್ರೀಂ' ಎಂಬ ಪದವನ್ನೂ ಎಚ್ಚರದಿಂದ ಬಳಸಬೇಕು. ಶೇ. 10ಕ್ಕಿಂತ ಕಡಿಮೆ, ಶೇ. 2.5ಕ್ಕಿಂತ ಹೆಚ್ಚು ಕೊಬ್ಬಿನದು ಮಧ್ಯಮ ಕೊಬ್ಬಿನ ಐಸ್ ಕ್ರೀಂ; ಶೇ. 2.5 ಮೀರದಿರುವುದು ಕಡಿಮೆ ಕೊಬ್ಬಿನ ಐಸ್ ಕ್ರೀಂ. ಇವುಗಳಿಗೆ ಒಟ್ಟು ಘನಾಂಶ ಮತ್ತು ಪ್ರೋಟೀನಿನ ಮಿತಿಗಳೂ ಇವೆ. ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಎಣ್ಣೆ ಬಳಸಿದ್ದನ್ನು 'ಫ್ರೋಜನ್ ಡೆಸರ್ಟ್' ಎಂದೇ ಕರೆಯಬೇಕು. ಈ ಒಂದು ವ್ಯತ್ಯಾಸವನ್ನು ಕುರಿತ ಜಾಹೀರಾತಿನ ಬಗ್ಗೆ ಹಿಂದುಸ್ತಾನ್ ಯುನಿಲಿವರ್ ಮತ್ತು ಅಮುಲ್ ಸಂಸ್ಥೆಗಳ ನಡುವೆ 2017ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ವ್ಯಾಜ್ಯ ನಡೆದಿತ್ತು. ದೊಡ್ಡವರೇ ಪದಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ ಸಣ್ಣವರು ಪದವನ್ನು ತೂಗಿ ಬಳಸುವುದು ಲೇಸು.

ಒಂದು ಕಪ್ಪಿನ ವೆಚ್ಚ

ಉದಾಹರಣೆಗಾಗಿ ಸಂಜಯನಗರದ ಗೃಹಿಣಿಯೊಬ್ಬರು ಕಂಪ್ರೆಸರ್ ಇರುವ 15,000 ರೂ. ಬೆಲೆಯ ಯಂತ್ರ ಕೊಂಡರೆಂದು ಭಾವಿಸೋಣ. ಕೆಳಗಿನ ದರಗಳು ಲೆಕ್ಕದ ಕ್ರಮವನ್ನು ತೋರಿಸಲು ಇಟ್ಟುಕೊಂಡವು. ಓದುಗರು ತಮ್ಮ ತಮ್ಮ ದರಗಳನ್ನು ತುಂಬಿಕೊಳ್ಳಬಹುದು.

800 ಗ್ರಾಂನ ಒಂದು ಸರದಿಗೆ ಹಾಲು 50 ರೂ., ಸಕ್ಕರೆ 5 ರೂ., ಹಣ್ಣು 40 ರೂ., ಹೆಪ್ಪು ಏಲಕ್ಕಿ ಇತ್ಯಾದಿ 5 ರೂ., ಅನಿಲ ಮತ್ತು ವಿದ್ಯುತ್ 10 ರೂ. ಯಂತ್ರವು ಐದು ವರ್ಷ ಬಾಳಿ, ವಾರಕ್ಕೆ ಎರಡು ಬಾರಿ ಓಡಿದರೆ 520 ಸರದಿ; ಒಂದು ಸರದಿಗೆ ಸವಕಳಿ ಸುಮಾರು 29 ರೂ. ಒಟ್ಟು 139 ರೂ. ಎಂಟು ಕಪ್ಪುಗಳಿಗೆ ಹಂಚಿದರೆ ಕಪ್ಪಿಗೆ ಸುಮಾರು 17 ರೂ. ಬಹುತೇಕ ಮನೆಗಳ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ. ಅನೇಕರು ಸವಕಳಿಯನ್ನೂ ಬಿಟ್ಟು, ಕಪ್ಪಿಗೆ 14 ರೂ. ತಗುಲಿತು, 30 ರೂ.ಗೆ ಮಾರಿದರೆ ದುಪ್ಪಟ್ಟು ಎಂದು ಸಂತೋಷಪಡುತ್ತಾರೆ.

ವ್ಯಾಪಾರದ ಲೆಕ್ಕ ಬೇರೆ. ಒಂದು ಸರದಿಗೆ ಕೈಕೆಲಸ ಒಂದು ಗಂಟೆಗೂ ಮಿಗಿಲು. ಮನೆಯವರ ದುಡಿಮೆಗೆ ಬೆಲೆ ಕಟ್ಟದಿರುವುದು ಸಣ್ಣ ಉದ್ಯಮಗಳ ಹಳೆಯ ದೋಷ. ಅದಕ್ಕೆ 100 ರೂ. ಇಟ್ಟರೆ ಮೊತ್ತ 239 ರೂ. ಕಪ್ಪು, ಮುಚ್ಚಳ, ಚಮಚ, ಚೀಟಿಗೆ ತಲಾ 6 ರೂ.ನಂತೆ 48 ರೂ.; ಫ್ರೀಜರಿನ ಸವಕಳಿ ಮತ್ತು ವಿದ್ಯುತ್ತಿಗೆ 24 ರೂ.; ಒಟ್ಟು 311 ರೂ. ಕರಗಿದ್ದು, ಕೆಟ್ಟದ್ದು, ರುಚಿ ತೋರಿಸಲು ಕೊಟ್ಟದ್ದು ಶೇ. 5 ಎಂದರೆ 16 ರೂ. ಅಂತೂ 327 ರೂ., ಕಪ್ಪಿಗೆ ಸುಮಾರು 41 ರೂ. 30 ರೂ.ಗೆ ಮಾರಿದವರು ಕಪ್ಪೊಂದಕ್ಕೆ 11 ರೂ.ನಂತೆ ತಮ್ಮ ದುಡಿಮೆಯನ್ನು ದಾನ ಮಾಡಿದಂತಾಯಿತು.

ಕಪ್ಪಿಗೆ 10 ರೂ. ಲಾಭವಿಟ್ಟು 51 ರೂ.ಗೆ ಅಂಗಡಿಗೆ ಕೊಟ್ಟರೆ, ಅಂಗಡಿಯವರು ಮಾರಾಟ ಬೆಲೆಯ ಶೇ. 20ನ್ನು ತಮ್ಮ ಪಾಲಾಗಿ ಇಟ್ಟುಕೊಂಡಾಗ ಬೆಲೆ ಸುಮಾರು 64 ರೂ.; ತೆರಿಗೆ ಸೇರಿ 67 ರೂ. ಈ ಬೆಲೆಗೆ ಗಿರಾಕಿ ಬರುವರೇ ಎಂಬುದೇ ಮೂಲ ಪ್ರಶ್ನೆ.

ಇಲ್ಲಿ ಗಮನಿಸಬೇಕಾದ ಮತ್ತೊಂದು ಅಂಶ ತೂಕ. ಪೇಟೆಯ ಐಸ್ ಕ್ರೀಂ ಸಾಮಾನ್ಯವಾಗಿ ಮಿಲಿಲೀಟರ್ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಒಂದು ಲೀಟರ್ ಐಸ್ ಕ್ರೀಂ ಕನಿಷ್ಠ 525 ಗ್ರಾಂ ತೂಗಿದರೆ ಸಾಕೆಂದು ಮಾನದಂಡ ಹೇಳುತ್ತದೆ, ಮಿಕ್ಕದ್ದು ಗಾಳಿ. ಅಂದರೆ 100 ಮಿಲಿಲೀಟರಿನ ಕಪ್ಪಿನಲ್ಲಿ 53 ಗ್ರಾಂ ಇದ್ದರೂ ಅದು ನಿಯಮಬದ್ಧವೇ. ಮನೆಯ ಯಂತ್ರ ಅಷ್ಟು ಗಾಳಿ ತುಂಬಲಾರದು. ಅದರ ಒಂದು ಲೀಟರ್ ಸುಮಾರು 850 ಗ್ರಾಂ ತೂಗಬಹುದು. ಕಪ್ಪಿನ ಗಾತ್ರ ನೋಡಿ ಬೆಲೆಯಲ್ಲಿ ಪೈಪೋಟಿಗಿಳಿದ ಮನೆ ತಯಾರಕರು ನಷ್ಟಕ್ಕೊಳಗಾಗುವುದು ಇಲ್ಲಿಯೇ. ಗಿರಾಕಿಯ ಮುಂದೆ 100 ಗ್ರಾಂನ ಬೆಲೆಗಳನ್ನು ಹೋಲಿಸಿ ತೋರಿಸಿದಾಗ ಮಾತ್ರ 67 ರೂ. ಅರ್ಥವಾಗುತ್ತದೆ.

ಉತ್ಪಾದನೆಯ ಮಿತಿಯನ್ನೂ ನೋಡಬೇಕು. ದಿನಕ್ಕೆ ನಾಲ್ಕು ಸರದಿ, ತಿಂಗಳಿಗೆ 25 ದಿನ ದುಡಿದರೆ 800 ಕಪ್ಪು. ಲಾಭ 8,000 ರೂ., ದುಡಿಮೆಯ ಕೂಲಿ 10,000 ರೂ.; ಸೇರಿ 18,000 ರೂ. ಎಲ್ಲ ಕಪ್ಪೂ ಮಾರಾಟವಾದರೆ ಮಾತ್ರ ಈ ಮೊತ್ತ. ಇಷ್ಟು ಓಟಕ್ಕೆ ಮನೆಬಳಕೆಯ ಯಂತ್ರ ಐದು ವರ್ಷ ಬಾಳುವುದೆಂದು ನೆಚ್ಚುವಂತಿಲ್ಲ. ವಾಣಿಜ್ಯ ಬಳಕೆಗೆ ಖಾತರಿ ಅನ್ವಯಿಸುವುದೇ ಎಂದು ಕೊಳ್ಳುವಾಗಲೇ ಓದಿಕೊಳ್ಳುವುದು ಒಳಿತು.

ತೆರಿಗೆಯ ಮೂರು ಗಂಟುಗಳು

2025ರ ಸೆಪ್ಟೆಂಬರ್ 22ರಿಂದ ಐಸ್ ಕ್ರೀಂ ಮೇಲಿನ ಸರಕು ಮತ್ತು ಸೇವಾ ತೆರಿಗೆ ಶೇ. 18ರಿಂದ ಶೇ. 5ಕ್ಕೆ ಇಳಿಯಿತು. ಇದು ಸ್ವಾಗತಾರ್ಹ. ಆದರೆ ದರ ಇಳಿದ ಸಂತೋಷದಲ್ಲಿ ಮೂರು ಗಂಟುಗಳನ್ನು ಮರೆಯಬಾರದು.

ಮೊದಲನೆಯದು ರಾಜಿ ತೆರಿಗೆ, ಅಂದರೆ ಕಾಂಪೊಸಿಷನ್ ಯೋಜನೆ. ಸಣ್ಣ ತಯಾರಕರು ವಹಿವಾಟಿನ ಶೇ. 1ನ್ನು ಕಟ್ಟಿ ನೆಮ್ಮದಿಯಾಗಿರಲು ಅವಕಾಶ ನೀಡುವ ಈ ಯೋಜನೆಯಿಂದ ಐಸ್ ಕ್ರೀಂ ತಯಾರಕರನ್ನು ಪಾನ್ ಮಸಾಲಾ, ತಂಬಾಕು ತಯಾರಕರ ಸಾಲಿನಲ್ಲಿಯೇ ಹೊರಗಿಡಲಾಗಿದೆ. ಚಕ್ಕುಲಿ, ನಿಪ್ಪಟ್ಟು ಮಾಡುವವರಿಗೆ ಇರುವ ಸೌಲಭ್ಯ ಇವರಿಗಿಲ್ಲ. ನೋಂದಣಿಯಾದ ದಿನದಿಂದಲೇ ಪೂರ್ಣ ಪ್ರಮಾಣದ ಲೆಕ್ಕಪತ್ರ, ವಿವರಣೆಗಳ ಸಲ್ಲಿಕೆ ಅನಿವಾರ್ಯ.

ಎರಡನೆಯದು ನೋಂದಣಿಯ ಮಿತಿ. ಕೇವಲ ಸರಕುಗಳ ವ್ಯಾಪಾರ ಮಾಡುವವರಿಗೆ ಕರ್ನಾಟಕದಲ್ಲಿ ವಾರ್ಷಿಕ ವಹಿವಾಟು 40 ಲಕ್ಷ ರೂ. ಮೀರುವವರೆಗೆ ನೋಂದಣಿ ಬೇಕಾಗಿಲ್ಲ ಎಂಬುದು ಸರ್ವವಿದಿತ. ಆದರೆ 2019ರ ಅಧಿಸೂಚನೆಯು ಐಸ್ ಕ್ರೀಂ ಪೂರೈಸುವವರನ್ನು ಈ ರಿಯಾಯಿತಿಯಿಂದ ಹೊರಗಿಟ್ಟಿದೆ. ಅವರಿಗೆ ಮಿತಿ 20 ಲಕ್ಷ ರೂ. ಮಾತ್ರ. ಅಧಿಸೂಚನೆಯ ಪದ 'ಪೂರೈಕೆ' ಎಂದಿದೆಯೇ ಹೊರತು 'ತಯಾರಿಕೆ' ಎಂದಿಲ್ಲ. ಆದ್ದರಿಂದ ಬಾಗಿಲ ಬಳಿ ಐಸ್ ಕ್ರೀಂ ಪೆಟ್ಟಿಗೆ ಇಟ್ಟುಕೊಂಡಿರುವ ಸಾಧಾರಣ ಕಿರಾಣಿ ಅಂಗಡಿಯವರೂ ತಮ್ಮ ಮಿತಿ 40 ಲಕ್ಷವೆಂದು ನಿಶ್ಚಿಂತರಾಗಿರುವಂತಿಲ್ಲ. ವಹಿವಾಟಿನ ಮೊತ್ತಕ್ಕೆ ತೆರಿಗೆಯಿಲ್ಲದ ಹಾಲಿನ ಮಾರಾಟವೂ ಸೇರುತ್ತದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಬಂದ ಜಮೆಗಳನ್ನು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ನೀಡಿದಾಗ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಹಾಲಿನ ಅಂಗಡಿಗಳಲ್ಲಿ ಉಂಟಾದ ಕಳವಳ ಎಲ್ಲರ ನೆನಪಿನಲ್ಲಿದೆ. ಜಮೆಯಾದದ್ದೆಲ್ಲ ತೆರಿಗೆಗೊಳಪಡುವ ಮಾರಾಟವಲ್ಲವೆಂದು ವಿವರಿಸಲು ಪುಸ್ತಕ ಬೇಕು. ಪುಸ್ತಕವಿಲ್ಲದವರ ಬಳಿ ವಿವರಣೆಯೂ ಇರಲಿಲ್ಲ.

ಮೇಲಿನ ಉದಾಹರಣೆಯ ಗೃಹಿಣಿಯ ವಹಿವಾಟು 51 ರೂ.ನಂತೆ ತಿಂಗಳಿಗೆ 40,800 ರೂ., ವರ್ಷಕ್ಕೆ ಸುಮಾರು 4.9 ಲಕ್ಷ ರೂ. ಅವರು ಮಿತಿಯೊಳಗಿದ್ದಾರೆ. 20 ಲಕ್ಷ ತಲುಪಲು ವರ್ಷಕ್ಕೆ ಸುಮಾರು 39,200 ಕಪ್ಪು, 300 ದಿನದ ಲೆಕ್ಕದಲ್ಲಿ ದಿನಕ್ಕೆ 131 ಕಪ್ಪು ಬೇಕು. ಆ ಹೊತ್ತಿಗೆ ಮನೆಯ ಯಂತ್ರ ಸಾಲದೆ ದೊಡ್ಡ ಯಂತ್ರಕ್ಕೆ ಬಂಡವಾಳ ಬೇಕಾಗುತ್ತದೆ. ನೋಂದಣಿ ಮತ್ತು ಬಂಡವಾಳ ಎರಡೂ ಒಂದೇ ಘಟ್ಟದಲ್ಲಿ ಎದುರಾಗುತ್ತವೆ ಎಂಬುದನ್ನು ಮೊದಲೇ ಅರಿತವರು ಅದಕ್ಕೆ ಸಿದ್ಧರಿರುತ್ತಾರೆ.

ಮೂರನೆಯದು ವರ್ಗೀಕರಣ. ಮೊಸರು ಮತ್ತು ಯೋಗರ್ಟ್‌ಗಳು ತೆರಿಗೆ ಪಟ್ಟಿಯ 0403ನೇ ಶೀರ್ಷಿಕೆಯಲ್ಲಿವೆ. ಐಸ್ ಕ್ರೀಂ ಮತ್ತು ತಿನ್ನುವ ಹಿಮಪದಾರ್ಥಗಳು 2105ರಲ್ಲಿವೆ. ಮೊಸರನ್ನೇ ಹೆಪ್ಪುಗಟ್ಟಿಸಿದ ತಿನಿಸು ಇವೆರಡರ ನಡುವೆ ನಿಲ್ಲುತ್ತದೆ. ರಾಜಿ ತೆರಿಗೆ, ನೋಂದಣಿ ಮಿತಿ ಎರಡೂ ಈ ಶೀರ್ಷಿಕೆಯನ್ನೇ ಅವಲಂಬಿಸಿವೆ. 'ಇದು ಮೊಸರು' ಎಂದು ತಾವೇ ತೀರ್ಮಾನಿಸಿಕೊಂಡು ರಿಯಾಯಿತಿ ಪಡೆದು, ಹಲವು ವರ್ಷಗಳ ನಂತರ ತೆರಿಗೆ, ಬಡ್ಡಿ, ದಂಡಗಳನ್ನು ಒಟ್ಟಿಗೆ ಎದುರಿಸುವುದಕ್ಕಿಂತ 2105 ಎಂದೇ ಭಾವಿಸಿ ನಡೆಯುವುದು, ಅಥವಾ ಮುಂಗಡ ನಿರ್ಣಯ ಪ್ರಾಧಿಕಾರದಿಂದ ಲಿಖಿತ ನಿರ್ಣಯ ಪಡೆಯುವುದು ಸುರಕ್ಷಿತ ಮಾರ್ಗ.

ಶುಚಿತ್ವವೇ ಬಂಡವಾಳ

ಆಹಾರ ಸುರಕ್ಷತಾ ಕಾಯ್ದೆ, 2006ರ ಪ್ರಕಾರ ಮನೆಯಲ್ಲಿ ತಯಾರಿಸಿ ಮಾರುವವರಿಗೂ ಪ್ರಾಧಿಕಾರದ ನೋಂದಣಿ ಕಡ್ಡಾಯ. ತೆರಿಗೆಗೆ ಇರುವಂತೆ ಇದಕ್ಕೆ ಕನಿಷ್ಠ ವಹಿವಾಟಿನ ವಿನಾಯಿತಿಯಿಲ್ಲ. ವಹಿವಾಟು ಬೆಳೆದಂತೆ ನೋಂದಣಿಯ ಬದಲು ಪರವಾನಗಿ ಬೇಕಾಗುತ್ತದೆ. ಪೊಟ್ಟಣ ಕಟ್ಟಿ ಮಾರುವುದಾದರೆ ತಯಾರಕರ ವಿಳಾಸ, ನಿವ್ವಳ ಪ್ರಮಾಣ, ತಯಾರಿಕೆಯ ದಿನಾಂಕ, ಗರಿಷ್ಠ ಮಾರಾಟ ಬೆಲೆ, ಪದಾರ್ಥಗಳ ಪಟ್ಟಿ ಇವೆಲ್ಲ ನಮೂದಾಗಬೇಕು.

ತಣ್ಣಗಿರುವುದೆಲ್ಲ ಸುರಕ್ಷಿತವೆಂಬ ಭಾವನೆ ಅಪಾಯಕಾರಿ. ಶೈತ್ಯವು ರೋಗಾಣುಗಳ ಬೆಳವಣಿಗೆಯನ್ನು ತಡೆಯುತ್ತದೆಯೇ ಹೊರತು ಕೊಲ್ಲುವುದಿಲ್ಲ. ಅಮೆರಿಕದ ಬ್ಲೂ ಬೆಲ್ ಎಂಬ ಹಳೆಯ ಐಸ್ ಕ್ರೀಂ ಕಂಪನಿಯ ಉತ್ಪನ್ನಗಳಲ್ಲಿ ಲಿಸ್ಟೀರಿಯಾ ರೋಗಾಣು ಕಂಡುಬಂದು ಹತ್ತು ಜನ ಅಸ್ವಸ್ಥರಾಗಿ, ಮೂವರು ತೀರಿಕೊಂಡ ಪ್ರಕರಣದಲ್ಲಿ, 2015ರ ಏಪ್ರಿಲ್‌ನಲ್ಲಿ ಆ ಕಂಪನಿ ತನ್ನ ಎಲ್ಲ ಸರಕನ್ನೂ ಮಾರುಕಟ್ಟೆಯಿಂದ ಹಿಂದಕ್ಕೆ ತರಿಸಿಕೊಂಡಿತು. ಅಷ್ಟು ದೊಡ್ಡ ಸಂಸ್ಥೆ ಆ ಪೆಟ್ಟನ್ನು ತಾಳಿಕೊಂಡು ಮತ್ತೆ ನಿಂತಿತು. ಮನೆಯ ಉದ್ಯಮಕ್ಕೆ ಒಂದು ಹುಟ್ಟುಹಬ್ಬದಲ್ಲಿ ಹತ್ತು ಮಕ್ಕಳ ಹೊಟ್ಟೆ ಕೆಟ್ಟರೆ ಸಾಕು, ಬಾಗಿಲು ಮುಚ್ಚುತ್ತದೆ.

ಹಾಲನ್ನು ಪೂರ್ತಿಯಾಗಿ ಕಾಯಿಸುವುದು, ಹಣ್ಣಿನ ತಿರುಳನ್ನು ಬಿಸಿ ಮಾಡಿ ತಣಿಸುವುದು, ಅಲಗು ಮತ್ತು ಡಬ್ಬಿಯ ಸಂದುಗಳನ್ನು ಪ್ರತಿ ಸರದಿಯ ನಂತರ ಬಿಚ್ಚಿ ತೊಳೆದು ಒಣಗಿಸುವುದು, ಫ್ರೀಜರಿನಲ್ಲಿ ಉಷ್ಣಮಾಪಕವನ್ನಿಟ್ಟು ದಿನಕ್ಕೆರಡು ಬಾರಿ ಬರೆದಿಡುವುದು, ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಿ ಮಾರದಿರುವುದು ಇವು ಕನಿಷ್ಠ ಶಿಸ್ತುಗಳು. ವಿದ್ಯುತ್ ಹೋದಾಗ ಏನು ಮಾಡಬೇಕೆಂಬುದನ್ನು ವಿದ್ಯುತ್ ಇರುವಾಗಲೇ ನಿರ್ಧರಿಸಿರಬೇಕು. ಎಣ್ಣೆ ಗಿರಣಿಗೆ ಗಾಣವಿದ್ದಂತೆ ಈ ಉದ್ಯಮಕ್ಕೆ ಶೈತ್ಯ. ಅದು ನಿಂತರೆ ಎಲ್ಲವೂ ನಿಂತಂತೆ.

ಮುಂದಿನ ಹೆಜ್ಜೆ

ಯಂತ್ರ ಕೊಳ್ಳುವ ಮೊದಲು ಮೂರು ತಿಂಗಳ ಪ್ರಯೋಗ ಒಳ್ಳೆಯದು. ಕಡಿಮೆ ಬೆಲೆಯ ಡಬ್ಬಿ ಯಂತ್ರದಿಂದ ಆರಂಭಿಸಿ, ಪ್ರತಿ ಸರದಿಯ ಹಾಲು, ಹಣ್ಣು, ವೇಳೆ, ಮಾರಾಟ, ನಷ್ಟಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ದಾಖಲಿಸಬೇಕು. ಉದ್ಯಮಕ್ಕಾಗಿ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು, ಮನೆಯ ಹಣದೊಂದಿಗೆ ಬೆರೆಸದಿರಬೇಕು. ಮೂರು ತಿಂಗಳ ಕೊನೆಗೆ ಆ ಪುಸ್ತಕವೇ ಮುಂದುವರಿಯಬೇಕೋ ಬೇಡವೋ ಎಂಬುದನ್ನು ಹೇಳುತ್ತದೆ. ಸಾಲ ಕೇಳಲು ಹೋದಾಗ ಬ್ಯಾಂಕಿನವರು ಕೇಳುವುದೂ ಅದನ್ನೇ. ಕಿರು ಆಹಾರ ಸಂಸ್ಕರಣಾ ಘಟಕಗಳಿಗಾಗಿ 2020ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಯೋಜನೆಯು ಯೋಜನಾ ವೆಚ್ಚದ ಶೇ. 35ರಷ್ಟನ್ನು ಸಾಲದೊಂದಿಗೆ ಬೆಸೆದ ಸಹಾಯಧನವಾಗಿ ನೀಡುತ್ತ ಬಂದಿತು. ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ಯೋಜನೆ ಯಾವುದೆಂದು ವಿಚಾರಿಸಿಕೊಂಡು ಹೆಜ್ಜೆ ಇಡಬೇಕು. ಸಹಾಯಧನವನ್ನು ನಂಬಿ ಯಂತ್ರ ಕೊಳ್ಳಬಾರದು; ಲೆಕ್ಕವನ್ನು ನಂಬಿ ಕೊಳ್ಳಬೇಕು.

ಮನೆಮಂದಿಗಾಗಿ ಮಾಡುವವರಿಗೆ ಈ ಯಂತ್ರ ನಿಸ್ಸಂಶಯವಾಗಿ ಉಪಯುಕ್ತ. ಕಪ್ಪಿಗೆ 17 ರೂ.ನಲ್ಲಿ, ಒಳಗೆ ಏನಿದೆಯೆಂದು ತಿಳಿದಿರುವ ತಿನಿಸು ಮಕ್ಕಳ ಕೈಗೆ ಬರುತ್ತದೆ. ಮಾರುವವರಿಗೆ ಅದು 41 ರೂ.ನ ತಿನಿಸು. ಈ ಎರಡು ಅಂಕಿಗಳ ನಡುವಿನ 24 ರೂ.ನಲ್ಲಿಯೇ ಹವ್ಯಾಸಕ್ಕೂ ಉದ್ಯಮಕ್ಕೂ ಇರುವ ಅಂತರ ಅಡಗಿದೆ. ಕೈ ಕೆಸರಾದರೆ ಬಾಯಿ ಮೊಸರು ಎಂದು ಹಿರಿಯರು ಹೇಳಿದ್ದು ದುಡಿಮೆಯ ಮಹತ್ವವನ್ನು ಸಾರಲು. ಮೊಸರನ್ನೇ ಮಾರಲು ಹೊರಟವರು ಕೆಸರಾದ ಕೈಯ ಕೂಲಿಯನ್ನೂ ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳುವುದು ಅಗತ್ಯ.